ಡಾಕ್ಟರಮ್ಮನ ಕಾರಿಗೆ ಪುಟಿಯದ ರಬ್ಬರು

ಡಾಕ್ಟರಮ್ಮನ ಕಾರು ನಮ್ಮ ಕಾರ್ಖಾನೆಯ ಗೇಟಿನೊಳಕ್ಕೆ ಬಂದದ್ದು ಅಡ್ಡಡ್ಡಲಾಗಿ. ಬೆಳಗಿನಿಂದ ಜಿನುಗುತ್ತಿದ್ದ ಮಳೆಗೆ ಅಂಗಳದ ಸಿಮೆಂಟು ನೆಲ ನೆನೆದು ಹೊಳೆಯುತ್ತಿತ್ತು. ಗೇಟು ದಾಟಿ ತಿರುಗುವಾಗ ಅವರು ಆಕ್ಸಿಲರೇಟರನ್ನು ಒಂದಿಷ್ಟು ಒತ್ತಿದ್ದೇ ತಡ, ಹಿಂಭಾಗ ಮುಂಭಾಗವನ್ನು ಹಿಂದೆ ಹಾಕಲು ಹೊರಟಂತೆ ಸುತ್ತಿಕೊಂಡು ಬಂತು. ಕಾರು ನಾವು ಪೇರಿಸಿಟ್ಟಿದ್ದ ಹಳೆಯ ಲಾರಿ ಟೈರುಗಳ ರಾಶಿಗೆ ಮೆತ್ತಗೆ ಒರಗಿ ನಿಂತಿತು.

ಬಾಗಿಲು ತೆಗೆದು ಇಳಿದ ಡಾಕ್ಟರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಏನೂ ಆಗದವರಂತೆ ನಕ್ಕರು. "ನೋಡಿದ್ರಲ್ಲ? ಇದೇ ಕಾಯಿಲೆ. ಔಷಧಿ ನಿಮ್ಮ ಹತ್ರ ಇದೆಯಾ ಅಂತ ಕೇಳಕ್ಕೆ ಬಂದೆ."

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಹೊಸೂರಿನ ಹೊರಗೆ, ಕೃಷ್ಣಗಿರಿ ರಸ್ತೆಯ ಪಕ್ಕದಲ್ಲಿ, ಸವೆದ ಟೈರುಗಳಿಗೆ ಹೊಸ ರಬ್ಬರು ಕೂರಿಸಿಕೊಡುವ ಸಣ್ಣ ಕಾರ್ಖಾನೆ. ಬರುತ್ತಿದ್ದದ್ದೆಲ್ಲ ಲಾರಿ, ಬಸ್ಸುಗಳ ಟೈರು. ಆ ರಬ್ಬರಿಗೆ ಯಾವುದೆಷ್ಟು ಸೇರಬೇಕು ಎಂದು ನೋಡಿಕೊಳ್ಳುವ ಪುಟ್ಟ ಲ್ಯಾಬು ನನ್ನ ವಶದಲ್ಲಿತ್ತು. ರಬ್ಬರಿಗೆ ಬೆರೆಸುವ ಮಸಿಪುಡಿಯ ನಡುವೆ ಕೆಲಸ ಮಾಡಿ ಸಂಜೆ ಮತ್ತಿಗಿರಿಯ ಮನೆಗೆ ಹೋದರೆ ಅಮ್ಮ ಮೊದಲು ಬಚ್ಚಲು ತೋರಿಸುತ್ತಿದ್ದಳು. "ಮಗಳಿಗೆ ಕೆಮಿಸ್ಟ್ರಿ ಓದಿಸಿದ್ದು ಇದ್ದಿಲು ಮಂಡಿಗೆ ಕಳಿಸಕ್ಕಾ?" ಎಂಬುದು ಅವಳ ದಿನನಿತ್ಯದ ಪ್ರಶ್ನೆ.

ಡಾಕ್ಟರಮ್ಮ ಊರಿನಲ್ಲಿ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದರು. ಐವತ್ತು ದಾಟಿದ್ದರು. ಆ ಕಾರು ಅವರ ತಂದೆ ಕೊಂಡದ್ದು. ಉದ್ದ ಮೂತಿಯ, ಎರಡೇ ಸೀಟಿನ, ಗಾಢ ಹಸಿರು ಬಣ್ಣದ ಇಂಗ್ಲಿಷ್ ಕಾರು. ಆರು ಸಿಲಿಂಡರಿನ ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ ಹೋಗುತ್ತಿತ್ತು. ಒಣ ರಸ್ತೆಯಲ್ಲಿ ಅದನ್ನು ಹಿಡಿಯುವವರೇ ಇಲ್ಲ. ಮಳೆ ಬಿದ್ದರೆ ಮಾತ್ರ ಸೊಂಟ ಬಿದ್ದವರ ಹಾಗೆ ಹಿಂದುಗಡೆ ಜಾರುತ್ತಿತ್ತು.

ಮಳೆಗಾಲದ ಕೊನೆಗೆ ಮೋಟಾರು ಕ್ಲಬ್ಬೊಂದು ಅಂಚೆಟ್ಟಿಯ ಕಡೆಯಿಂದ ಘಾಟಿ ಹತ್ತುವ ಸ್ಪರ್ಧೆ ಇಡುತ್ತಿತ್ತು. ಬಸ್ಸುಗಳೇ ಅಪರೂಪವಾದ ಆ ರಸ್ತೆಯನ್ನು ಒಂದು ಬೆಳಿಗ್ಗೆ ಮುಚ್ಚಿ, ಒಂದೊಂದೇ ಕಾರನ್ನು ಮೇಲಕ್ಕೆ ಬಿಡುತ್ತಿದ್ದರು. ಹಿಂದಿನ ವರ್ಷ ಡಾಕ್ಟರಮ್ಮನ ಕಾರು ಹೊಂಗೆ ಮರಗಳ ಕೆಳಗಿನ ತಿರುವಿನಲ್ಲಿ ಗಿರ್ರನೆ ತಿರುಗಿ, ಹಿಂದುಮುಂದಾಗಿ ಚರಂಡಿಗೆ ಇಳಿದಿತ್ತು. ಅವರಿಗೆ ಏನೂ ಆಗಲಿಲ್ಲ. ಆದರೆ ಕಾರಿನಲ್ಲಿ ಅರ್ಧ ಪಾಲು ಬೆಂಗಳೂರಿನಲ್ಲಿದ್ದ ಅವರ ಅಣ್ಣನದು. ಇನ್ನೊಂದು ಸಲ ಹೀಗಾದರೆ ಕಾರನ್ನು ಮಾರಿಬಿಡೋಣ ಎಂದು ಅಣ್ಣ ಹೇಳಿದ್ದರಂತೆ. ತಂಗಿ ಒಪ್ಪಿಬಿಟ್ಟಿದ್ದರು.

"ಅವನ ಮಾತೂ ಸರಿನೇ," ಎಂದರು ಡಾಕ್ಟರಮ್ಮ. "ನಾನು ಸತ್ರೆ ಹೆರಿಗೆ ಮಾಡ್ಸೋರು ಯಾರು? ಆದ್ರೆ ಓಡಿಸೋದು ಬಿಡಕ್ಕೆ ಮನಸ್ಸಿಲ್ಲ. ಹಿಂದಿನ ಎರಡು ಟೈರು ಮಳೇಲಿ ಕಚ್ಚಿ ಹಿಡಿಯೋ ಹಾಗೆ ಮಾಡ್ಕೊಡಿ, ಸಾಕು."

"ಮುಂದಿನವು?" ಎಂದೆ.

"ಮುಂದೆ ಜಾರಿದ್ರೆ ಕಣ್ಣಿಗೆ ಕಾಣ್ಸುತ್ತೆ, ಕಾಲು ತೆಗೀತೀನಿ. ಹಿಂದೆ ಜಾರಿದ್ದು ಗೊತ್ತಾಗೋ ಹೊತ್ತಿಗೆ ನಾನು ಚರಂಡೀಲಿರ್ತೀನಿ."

ನಮ್ಮ ಯಜಮಾನರು ಇಲ್ಲ ಎನ್ನುವ ಹಾಗೇ ಇರಲಿಲ್ಲ. ಅವರ ಇಬ್ಬರು ಮಕ್ಕಳೂ ಡಾಕ್ಟರಮ್ಮನ ಕೈಯಲ್ಲೇ ಹುಟ್ಟಿದವರು. ಯಜಮಾನರ ಮಾತು ಮನೆಯಲ್ಲಿ ತೆಲುಗು, ಅಂಗಡಿ ಬೀದಿಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. "ಹೊಸಾ ಟೈರು ಹಾಕ್ಬಿಡೋಣಮ್ಮಾ, ಅಷ್ಟೇ ತಾನೆ?" ಎಂದರು.

"ಹಾಕಿರೋದೇ ಹೊಸದು," ಎಂದರು ಡಾಕ್ಟರಮ್ಮ.

ಬಗ್ಗಿ ನೋಡಿದೆ. ಹೌದು, ಟ್ಯಾಕ್ಸಿಗಳಿಗೆ ಹಾಕುವ ಹೊಚ್ಚ ಹೊಸ ಟೈರು. ಪುಣ್ಯಕ್ಕೆ ಚಕ್ರದ ಅಳತೆ ಟ್ಯಾಕ್ಸಿಗಳದ್ದೇ ಆಗಿತ್ತು. ಉಗುರು ಒತ್ತಿದರೆ ಗುರುತೂ ಬೀಳಲಿಲ್ಲ. ಟ್ಯಾಕ್ಸಿಯವರಿಗೆ ಬೇಕಾದದ್ದು ವರ್ಷಗಟ್ಟಲೆ ಸವೆಯದ ಟೈರು. ಈ ಕಾರಿಗೆ ಬೇಕಾದದ್ದು ಬೇರೆ. ಹೊರದೇಶದಿಂದ ಮಳೆ ಟೈರು ತರಿಸುವುದು ಆ ಕಾಲದಲ್ಲಿ ಆಗುಹೋಗುವ ಮಾತಲ್ಲ.

ನಮ್ಮ ಫೋರ್‌ಮನ್ ಬಾಗಲೂರಿನವರು. ಟೈರು ಬೇಯಿಸುವ ಹಬೆಯ ಅಚ್ಚುಗಳನ್ನು ನೋಡಿಕೊಳ್ಳುತ್ತಿದ್ದರು. ಅವರು ಟೈರಿನ ಸುತ್ತ ಒಂದು ಸುತ್ತು ಬಂದು, "ಜೀಪಿನ ಟೈರು ಕೆಸರಲ್ಲಿ ಹೆಂಗೆ ಹೋಯ್ತದೆ? ದಪ್ಪ ದಪ್ಪ ಕಟ್ಟೆ ಇರ್ತವೆ ಅದ್ಕೇ. ಇದ್ರಾಗೂ ಅಗಲವಾಗಿ ಕಾಲ್ವೆ ಕೊರ್ದುಬುಟ್ರೆ ನೀರು ಓಡೋಯ್ತದೆ, ಟೈರು ಕೂತ್ಕತದೆ," ಎಂದರು. ನನಗೂ ಅದು ಸರಿಯೆನಿಸಿತು. ಕಾಯಿಸಿದ ಚಾಕುವಿನಿಂದ ಅವರು ಎರಡೂ ಟೈರುಗಳಲ್ಲಿ ಅಗಲವಾದ ಕಾಲುವೆಗಳನ್ನು ಕೊರೆದರು. ನಾವು ಅಂಗಳಕ್ಕೆ ನೀರು ಬಿಟ್ಟೆವು. ಡಾಕ್ಟರಮ್ಮ ಅದೇ ತಿರುವಿನಲ್ಲಿ ಅಷ್ಟೇ ಒತ್ತಿದರು. ಕಾರು ಈ ಸಲ ಇನ್ನೂ ಬೇಗ ತಿರುಗಿ ಅದೇ ರಾಶಿಗೆ ಒರಗಿತು.

"ಅದ್ಯಾಕ್ಲಾ ಹಿಂಗಾಯ್ತು?" ಎಂದು ಫೋರ್‌ಮನ್ ಟೈರನ್ನೇ ಕೇಳಿದರು.

ಕಾರಣ ಆಮೇಲೆ ಹೊಳೆಯಿತು. ಕೆಸರಿನಲ್ಲಿ ಕಟ್ಟೆಗಳು ಮಣ್ಣಿನೊಳಕ್ಕೆ ಇಳಿಯುತ್ತವೆ. ಟಾರಿನ ಮೇಲೆ ಎಲ್ಲಿಗೆ ಇಳಿಯುತ್ತವೆ? ನಾವು ಮಾಡಿದ್ದು ನೆಲ ಮುಟ್ಟುವ ರಬ್ಬರನ್ನು ಕಡಿಮೆ ಮಾಡಿದ್ದು, ಅಷ್ಟೇ. ಉಳಿದ ಕಟ್ಟೆಗಳೂ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು. ಅಚ್ಚಿನ ಚಿತ್ತಾರವನ್ನು ಬಿಟ್ಟು ರಬ್ಬರನ್ನೇ ಬದಲಾಯಿಸಬೇಕಿತ್ತು. ಅಂದರೆ ಕೆಲಸ ನನ್ನ ಲ್ಯಾಬಿಗೆ ಬಂತು.

ಲಾರಿ ರಬ್ಬರು ಬಿಸಿಯಾಗಬಾರದು, ಬೇಗ ಸವೆಯಬಾರದು. ಅದಕ್ಕಾಗಿ ಚೆನ್ನಾಗಿ ಪುಟಿಯುವ ರಬ್ಬರನ್ನೇ ನಾವು ಮಾಡುತ್ತಿದ್ದೆವು. ಸಣ್ಣ ಉಂಡೆಯಷ್ಟು ರಬ್ಬರನ್ನು ಬೇಯಿಸಿ, ಎದೆಯೆತ್ತರದಿಂದ ಕಲ್ಲು ಚಪ್ಪಡಿಯ ಮೇಲೆ ಬಿಟ್ಟರೆ ಅದು ಎಷ್ಟು ಮೇಲೆ ನೆಗೆಯುತ್ತದೋ ಅಷ್ಟು ನನಗೆ ಸಂತೋಷ. ಒದ್ದೆ ರಸ್ತೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಜಲ್ಲಿಯ ಸಣ್ಣ ಮೊನೆಗಳ ಮೇಲೆ ರಬ್ಬರು ಕುಳಿತಾಗ ತಕ್ಷಣ ಹಿಂದಕ್ಕೆ ನೆಗೆಯಬಾರದು. ಮೊನೆಯ ಸುತ್ತ ತಗ್ಗಿ, ಒಂದು ಕ್ಷಣ ಅಪ್ಪಿಕೊಂಡು, ನಿಧಾನವಾಗಿ ಬಿಡಬೇಕು. ನನಗೆ ಬೇಕಾಗಿದ್ದದ್ದು ಪುಟಿಯದ ರಬ್ಬರು. ಇಷ್ಟು ದಿನ ಯಾವುದನ್ನು ಕೆಟ್ಟದ್ದು ಎಂದು ಎಸೆಯುತ್ತಿದ್ದೆನೋ ಅದನ್ನೇ ಹುಡುಕಿಕೊಂಡು ಹೊರಟೆ.

ನಿಜ ಹೇಳಬೇಕೆಂದರೆ, ಆ ದಿನಗಳಷ್ಟು ಖುಷಿಯಾಗಿ ನಾನು ಕೆಲಸಕ್ಕೆ ಹೋದದ್ದು ಕಡಿಮೆ. ಮರದ ರಬ್ಬರನ್ನು ಕಡಿಮೆ ಮಾಡಿ ಸಿಂಥೆಟಿಕ್ ರಬ್ಬರನ್ನು ಹೆಚ್ಚಿಸಿದೆ. ಎಣ್ಣೆ ಸೇರಿಸಿದೆ, ನುಣ್ಣನೆಯ ಮಸಿಪುಡಿ ಸೇರಿಸಿದೆ. ರೋಲರುಗಳ ನಡುವೆ ಹಾಳೆಯಾಗಿ ಬಂದದ್ದನ್ನು ಬೇಯಿಸಿ ಚಪ್ಪಡಿಯ ಮೇಲೆ ಬೀಳಿಸುವುದು, ಮತ್ತೆ ಕಲಸುವುದು. ಒಂದು ಸಲ ಎಣ್ಣೆ ಅತಿಯಾಗಿ, ಹಾಳೆ ರೋಲರಿಗೆ ಅಂಟಿಕೊಂಡು ಹಲಸಿನ ಮೇಣದ ಹಾಗೆ ಎಳೆಎಳೆಯಾಯಿತು. ಅದನ್ನು ಬಿಡಿಸಲು ಇಡೀ ಶಿಫ್ಟಿನವರು ಬರಬೇಕಾಯಿತು. ಇನ್ನೊಂದು ಸಲ ರಬ್ಬರಿನೊಳಗೆ ಗುಳ್ಳೆಗಳೆದ್ದವು. ಕೊನೆಗೊಂದು ಮಧ್ಯಾಹ್ನ ಬೀಳಿಸಿದ ಉಂಡೆ 'ತೊಪ್' ಎಂದು ಕುಳಿತಲ್ಲೇ ಕುಳಿತಿತು.

ಬಾಗಿಲಲ್ಲಿ ನಿಂತಿದ್ದ ಫೋರ್‌ಮನ್ ಬಂದು ಅದನ್ನು ಎತ್ತಿ ಮತ್ತೊಮ್ಮೆ ಬೀಳಿಸಿದರು. ಮತ್ತೆ ತೊಪ್. "ನಮ್ಮನೆಯೋಳು ಮಾಡೋ ರಾಗಿ ಮುದ್ದೆ ಕಣಮ್ಮ ಇದು!" ಎಂದು ಅವರು ನಕ್ಕರು. ಆ ದಿನದಿಂದ ಆ ಮಿಶ್ರಣಕ್ಕೆ ಕಾರ್ಖಾನೆಯಲ್ಲಿ ಮುದ್ದೆ ಎಂದೇ ಹೆಸರಾಯಿತು.

ಇನ್ನೂ ಗಟ್ಟಿಯಾಗಿವೆ ಎನಿಸಿದ ಎರಡು ಸವೆದ ಟೈರುಗಳನ್ನು ಆರಿಸಿ, ಮೇಲ್ಮೈ ಕೆರೆದು, ಅಂಟು ಬಳಿದು, ಮುದ್ದೆ ಹಾಳೆ ಸುತ್ತಿ, ಅಚ್ಚಿನಲ್ಲಿ ಬೇಯಿಸಿದೆವು. ಮಳೆ ಬಂದ ದಿನ ಡಾಕ್ಟರಮ್ಮ ಅವುಗಳನ್ನು ಹಾಕಿಸಿಕೊಂಡು ಮತ್ತಿಗಿರಿ ಕಡೆ ಹೋದರು. ಹಿಂತಿರುಗಿ ಗೇಟಿನೊಳಕ್ಕೆ ಬಂದಾಗ ಕಾರು ನೆಟ್ಟಗೆ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅವರು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಇಳಿದರು. "ಹಿಡಿತ ಅಂದ್ರೆ ಹಿಡಿತ. ಆದ್ರೆ ಬರ್ತಾ ಬರ್ತಾ ಹಿಂದೆ ಏನೋ ಡಬ ಡಬ ಅಂತಿದೆ."

ಬಲಗಡೆಯ ಟೈರಿನ ಅಂಚಿನಲ್ಲಿ ನೆಲ್ಲಿಕಾಯಿಯಷ್ಟು ಉಬ್ಬು ಎದ್ದಿತ್ತು. ಅದನ್ನು ಮುಟ್ಟಿದ ಕ್ಷಣ ನನ್ನ ಖುಷಿಯೆಲ್ಲ ಇಳಿದುಹೋಯಿತು. ಅದು ಘಾಟಿಯಲ್ಲಿ ಕಿತ್ತು ಬಂದಿದ್ದರೆ? ಪಕ್ಕದಲ್ಲಿ ಕಣಿವೆ. ಅವರ ನಗು, ಅವರ ಆಸ್ಪತ್ರೆ, ಎಲ್ಲ ನೆನಪಾಯಿತು.

"ಬೇಡ ಡಾಕ್ಟರಮ್ಮ," ಎಂದೆ. "ಜಾರೋ ಟೈರೇ ವಾಸಿ. ಇದು ಜೀವಕ್ಕೆ ಬರುತ್ತೆ."

ಅವರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮೊದ್ಲು ಕೊಯ್ದು ನೋಡೋಣ. ಯಾತಕ್ಕೆ ಬಂತು ಅಂತ ಗೊತ್ತಾಗ್ದೆ ಕೈ ಬಿಡೋದು ಸರಿಯಲ್ಲ," ಎಂದರು.

ಫೋರ್‌ಮನ್ ಉಬ್ಬನ್ನು ಅಡ್ಡಕ್ಕೆ ಕೊಯ್ದರು. ನಾವು ಮೂವರೂ ಬಗ್ಗಿ ನೋಡಿದೆವು. ನಮ್ಮ ರಬ್ಬರು ಹಳೆಯದಕ್ಕೆ ಎಲ್ಲೂ ಬಿಡದೆ ಅಂಟಿಕೊಂಡಿತ್ತು. ಬಿಟ್ಟಿದ್ದದ್ದು ಅದರ ಕೆಳಗೆ, ಟೈರಿನ ದೇಹದೊಳಗೆ. ವರ್ಷಗಟ್ಟಲೆ ದುಡಿದು ದಣಿದ ನೂಲಿನ ಪದರಗಳು ಒಂದರಿಂದೊಂದು ಬೇರೆಯಾಗಿದ್ದವು. ಹೊರಗಿನಿಂದ ಅದು ಕಾಣುವಂತಿರಲಿಲ್ಲ. ಗಟ್ಟಿಯಾಗಿ ರಸ್ತೆ ಹಿಡಿಯುವ ರಬ್ಬರು ದೇಹವನ್ನು ಎಳೆಯುವುದೂ ಗಟ್ಟಿಯಾಗಿಯೇ. ಮುದಿ ದೇಹ ಅದನ್ನು ತಡೆದುಕೊಂಡಿರಲಿಲ್ಲ.

ಹಾಗಾದರೆ ದಣಿಯದ ದೇಹ ಬೇಕು. ದಣಿಯದ ದೇಹ ಎಲ್ಲಿದೆ? ಹೊಸ ಟೈರಿನಲ್ಲಿ.

ಹೊಸ ಟೈರಿನ ರಬ್ಬರನ್ನೆಲ್ಲ ಕೆರೆದು ಹಾಕಿ, ಅದರ ಮೇಲೆ ಮುದ್ದೆ ಕೂರಿಸೋಣ ಎಂದು ನಾನು ಹೇಳಿದಾಗ ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ ದೇವುಡಾ! ಹೊಸಾ ಟೈರನ್ನ ಕೆರೆಯೋದಾ? ಸವೆದಿದ್ದನ್ನ ಹೊಸದು ಮಾಡೋರು ನಾವು, ಹೊಸದನ್ನ ಸವೆಸೋದಲ್ಲಮ್ಮಾ! ಯಾರಾದ್ರೂ ಲಾರಿ ಓನರ್ ನೋಡಿದ್ರೆ ನಮ್ಮ ಮಾನ ಏನಾಗ್ಬೇಕು?"

"ನೋಡ್ದೆ ಇರೋ ಹಂಗೆ ಶೆಟರ್ ಎಳ್ಕೊಂಡು ಕೆರೀತೀವಿ ಬುಡಿ ಸಾರ್," ಎಂದರು ಫೋರ್‌ಮನ್.

ಯಜಮಾನರು ಡಾಕ್ಟರಮ್ಮನ ಕಡೆ ನೋಡಿದರು. ಡಾಕ್ಟರಮ್ಮ, "ನಿಮ್ಮ ಚಿಕ್ಕೋನು ಅಡ್ಡ ತಿರುಗಿದ್ದಾಗ ನಾನೂ ಪುಸ್ತಕದಲ್ಲಿಲ್ಲದ್ದನ್ನೇ ಮಾಡಿದ್ದು," ಎಂದರು. ಯಜಮಾನರು ಕೈಮುಗಿದು ಕೂತರು. ಆದರೆ ಟೈರು ತಾವೇ ಆರಿಸುತ್ತೇನೆ ಎಂದು ಹಟ ಹಿಡಿದು, ಕೃಷ್ಣಗಿರಿಗೆ ಹೋಗಿ, ಒಳಗೆಲ್ಲ ಕೈಯಾಡಿಸಿ ನೋಡಿ, ಎರಡು ಟೈರುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಆಮೇಲೆ ಶೆಟರ್ ಎಳೆದು ಕೆರೆಯುವಾಗ ಅವರೇ ಪಕ್ಕದಲ್ಲಿ ನಿಂತು, ರಬ್ಬರಿನ ಪುಡಿ ಹಾರಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಈ ಸಲ ಅವಸರ ಮಾಡಲಿಲ್ಲ. ನೂಲಿಗೆ ತಾಗದಂತೆ ತೆಳ್ಳನೆಯ ಪದರ ಉಳಿಸಿ ಕೆರೆದೆವು, ಅಂಟು ಪೂರ್ತಿ ಒಣಗುವವರೆಗೆ ಕಾದೆವು, ಹಬೆಯ ಬಿಸಿ ಸ್ವಲ್ಪ ಇಳಿಸಿ ಹೆಚ್ಚು ಹೊತ್ತು ಬೇಯಿಸಿದೆವು. ಅಚ್ಚಿನಿಂದ ತೆಗೆದ ಟೈರುಗಳು ಕಪ್ಪು ಹಲ್ವಾದ ಹಾಗೆ ಮಿನುಗುತ್ತಿದ್ದವು.

ಇನ್ನೊಂದು ಕೆಲಸ ಉಳಿದಿತ್ತು. ಟೈರಿನ ಅಡಿಯಲ್ಲಿ ತೆಳುವಾಗಿ ಹರಡುವ ನೀರಿನ ಪೊರೆಯನ್ನು ಒರೆಸಲು ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರುಗಳು ಬೇಕು. ರಬ್ಬರು ಕಡಿಮೆಯಾಗಬಾರದು, ಸೀಳಬೇಕು ಅಷ್ಟೇ. ಫೋರ್‌ಮನ್ ಅವರ ಚಾಕು ಅದಕ್ಕೆ ದಪ್ಪವಾಯಿತು. ಷೇವಿಂಗ್ ಬ್ಲೇಡು ಬಾಗಿತು. ಮಾರನೆಯ ದಿನ ಡಾಕ್ಟರಮ್ಮ ಆಸ್ಪತ್ರೆಯಿಂದ ಆಪರೇಷನ್ ಬ್ಲೇಡುಗಳನ್ನು ತಂದು, ಕೈ ತೊಳೆದುಕೊಂಡು, ಮಣೆ ಎಳೆದು ಟೈರಿನ ಮುಂದೆ ಕೂತರು.

"ಸೋಪಿನ ನೀರು ಹಚ್ಚಿ," ಎಂದರು ನನಗೆ, ನರ್ಸಿಗೆ ಹೇಳುವ ದನಿಯಲ್ಲಿ.

ಅವರ ಗೀರುಗಳು ಒಂದೇ ಆಳ, ಒಂದೇ ಅಂತರ. ನನ್ನವು ವಕ್ರ. ಫೋರ್‌ಮನ್ ಅವರವು ಆಳ. "ಹಂಗಲ್ಲ, ಮಣಿಕಟ್ಟು ಅಲ್ಲಾಡಬಾರ್ದು," ಎಂದು ಡಾಕ್ಟರಮ್ಮ ಇಬ್ಬರಿಗೂ ಕಲಿಸಿದರು. ಮೂವರೂ ಟೈರಿನ ಸುತ್ತ ಕೂತು ಗೀರುತ್ತ, ಮಧ್ಯಾಹ್ನವಿಡೀ ಊರಿನ ಮಾತಾಡಿದೆವು. ಅಮ್ಮ ಕಳಿಸಿದ್ದ ಪುಳಿಯೋಗರೆಯನ್ನು ಹಂಚಿಕೊಂಡು ತಿಂದೆವು. ಪುಳಿಯೋಗರೆಗೂ ಒಂಚೂರು ರಬ್ಬರಿನ ವಾಸನೆ ಬಂದಿತ್ತು, ಯಾರೂ ದೂರಲಿಲ್ಲ.

ಮಳೆಯಲ್ಲಿ ಮತ್ತೆ ಮತ್ತೆ ಓಡಿಸಿ ನೋಡಿದೆವು. ಪ್ರತಿ ಸಲವೂ ಟೈರು ಬಿಚ್ಚಿ, ಒಳಗೂ ಹೊರಗೂ ಬೆರಳಾಡಿಸಿದೆ. ಉಬ್ಬು ಬರಲಿಲ್ಲ. ಗಾಳಿಯನ್ನು ಒಂದಿಷ್ಟು ಇಳಿಸಿದಾಗ ಹಿಡಿತ ಇನ್ನೂ ಹೆಚ್ಚಿತು. ಒಂದೇ ತೊಂದರೆ ಎಂದರೆ, ಒಣ ರಸ್ತೆಯಲ್ಲಿ ಮುದ್ದೆ ಸೀಸದಕಡ್ಡಿ ಉಜ್ಜುವ ರಬ್ಬರಿನ ಹಾಗೆ ಸವೆಯುತ್ತಿತ್ತು. ಆದ್ದರಿಂದ ಘಾಟಿಯ ಬುಡದವರೆಗೆ ನಾವು ಕಾಲುವೆ ಕೊರೆದಿದ್ದ ಟ್ಯಾಕ್ಸಿ ಟೈರಿನಲ್ಲೇ ಹೋಗಿ, ಅಲ್ಲಿ ಬದಲಾಯಿಸುವುದೆಂದು ನಿರ್ಧರಿಸಿದೆವು.

ಸ್ಪರ್ಧೆಯ ಹಿಂದಿನ ದಿನವೆಲ್ಲ ಚಿತ್ತೆ ಮಳೆ ಸುರಿಯಿತು. ನಾವು ಹಿಗ್ಗಿದೆವು. ಬೆಳಿಗ್ಗೆ ಯಜಮಾನರ ವ್ಯಾನಿನಲ್ಲಿ ಚಕ್ರಗಳನ್ನು ಹಾಕಿಕೊಂಡು ಅಂಚೆಟ್ಟಿಗೆ ಇಳಿದಾಗ ಆಕಾಶ ತೊಳೆದಿಟ್ಟ ಹಾಗೆ ನೀಲಿ. ಬಿಸಿಲು! ರಸ್ತೆಯಿಂದ ಆವಿ ಏಳುತ್ತಿತ್ತು. ಹೊರಡುವ ಗೆರೆಯ ಹತ್ತಿರ ಟಾರು ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು.

ಡಾಕ್ಟರಮ್ಮನ ಅಣ್ಣ ಅಲ್ಲೇ ಇದ್ದರು. ಬಿಳಿ ಪ್ಯಾಂಟು, ಕೈಯಲ್ಲಿ ಮಡಿಸಿದ ಕೊಡೆ. ಒಳ್ಳೆಯ ಮನುಷ್ಯರೇ, ತಂಗಿಗೆ ಏನಾದೀತೋ ಎಂಬ ಭಯ, ಅಷ್ಟೇ. "ಬಿಸಿಲು ಬಂತಲ್ಲ, ದೇವರು ದೊಡ್ಡೋನು. ಹಾಕಿರೋ ಟೈರಲ್ಲೇ ಹೋಗಿ ಬಾರಮ್ಮ," ಎಂದರು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಏನು ಮಾಡೋಣ? ನೀನೇ ಹೇಳು."

ಒಣ ರಸ್ತೆಯಲ್ಲಿ ಮುದ್ದೆ ಹಾಕಿ ಅದು ಬಿಸಿಯಾಗಿ ಹರಿದರೆ ತಪ್ಪು ನನ್ನದು. ಟ್ಯಾಕ್ಸಿ ಟೈರಿನಲ್ಲಿ ಹೋಗಿ ಮೇಲೆಲ್ಲೋ ಜಾರಿದರೂ ನನ್ನದೇ. ರಸ್ತೆ ಮುಚ್ಚುವುದಕ್ಕೆ ಇನ್ನೂ ಸಮಯವಿತ್ತು. ನಾನೂ ಫೋರ್‌ಮನ್ನೂ ವ್ಯಾನಿನಲ್ಲಿ ಮೇಲಕ್ಕೆ ಹೋದೆವು. ಬುಡದ ನೇರ ರಸ್ತೆ ಒಣಗಿತ್ತು. ಮೊದಲ ತಿರುವಿನ ಆಚೆ ಮರಗಳ ನೆರಳು ಶುರುವಾಯಿತು. ಅಲ್ಲಿಂದ ಮೇಲೆ ಬಿಸಿಲು ನೆಲ ಮುಟ್ಟಿಯೇ ಇರಲಿಲ್ಲ. ಹೊಂಗೆ ಮರದ ತಿರುವಿನಲ್ಲಿ ಬಂಡೆಯಿಂದ ಇಳಿದ ನೀರು ರಸ್ತೆಗೆ ಅಡ್ಡವಾಗಿ ಹರಿಯುತ್ತಿತ್ತು, ಉದುರಿದ ಎಲೆ ಅಂಟಿಕೊಂಡಿತ್ತು. ಫೋರ್‌ಮನ್ ಇಳಿದು ಚಪ್ಪಲಿಗಾಲು ಉಜ್ಜಿ ನೋಡಿ, ಜಾರಿ, ನನ್ನ ಭುಜ ಹಿಡಿದುಕೊಂಡರು. "ಇನ್ನೇನ್ ಕೇಳ್ತೀಯಮ್ಮ?" ಎಂದರು.

ಜಾರುವುದು ಇಲ್ಲಿ. ಕೆಳಗಿನ ಒಣ ತುಂಡು ನೇರವಾದದ್ದು, ಚಿಕ್ಕದು. ಬೆಳಗಿನ ತಣ್ಣನೆಯ ಟಾರಿನಲ್ಲಿ ಅಷ್ಟನ್ನು ಮುದ್ದೆ ತಡೆದುಕೊಳ್ಳುತ್ತದೆ. ಕೆಳಗೆ ಬಂದು, "ನಮ್ಮವೇ ಹಾಕೋಣ. ಒಣ ರಸ್ತೇಲಿ ಚಕ್ರ ಗಿರಗಿರ ಅಂತ ತಿರುಗಿಸ್ಬೇಡಿ, ಮೆತ್ತಗೆ ಹೊರಡಿ. ನೆರಳು ಬಂದ ಮೇಲೆ ನಿಮ್ಮಿಷ್ಟ," ಎಂದೆ.

"ಸೀಕ್ರಂ, ಸೀಕ್ರಂ," ಎಂದು ಗೆರೆಯ ಬಳಿಯಿದ್ದ ಕ್ಲಬ್ಬಿನವರು ಅವಸರಪಡಿಸಿದರು. ಫೋರ್‌ಮನ್ ತಾಮ್ರದ ಸುತ್ತಿಗೆಯಿಂದ ಚಕ್ರದ ನಡುವೆ ರೆಕ್ಕೆ ಚಾಚಿದಂತಿದ್ದ ನಟ್ಟನ್ನು ಟಣ್ ಟಣ್ ಎಂದು ಹೊಡೆದು ಸಡಿಲಿಸಿದರು. ಯಜಮಾನರು ಹೊಸ ಪಂಚೆಯನ್ನೂ ಲೆಕ್ಕಿಸದೆ ಮಂಡಿಯೂರಿ ಚಕ್ರ ಎತ್ತಿಕೊಟ್ಟರು. ನಾನು ಗಾಳಿ ನೋಡಿದೆ.

ಆಮೇಲೆ ವ್ಯಾನಿನಲ್ಲಿ ಮೇಲೆ ಹೋಗಿ ಹೊಂಗೆ ಮರದ ತಿರುವಿನ ಒಳಬದಿಯ ದಿಬ್ಬದ ಮೇಲೆ ನಿಂತೆವು. ಅಣ್ಣನೂ ಬಂದರು. ಡಾಕ್ಟರಮ್ಮನಿಗಿಂತ ಮುಂಚೆ ಬಂದ ಒಂದು ಕಾರು ಅಲ್ಲಿ ಎಡಕ್ಕೂ ಬಲಕ್ಕೂ ಓಲಾಡಿ ತೆವಳಿಕೊಂಡು ಹೋಯಿತು. ಇನ್ನೊಂದು ನಿಂತೇಹೋಗಿ, ಚಕ್ರ ಗಿರಗಿರನೆ ತಿರುಗಿಸಿ ಎಲೆಗಳನ್ನು ನಮ್ಮ ಮೇಲೆ ಎರಚಿತು.

ಕೆಳಗೆ ಆರು ಸಿಲಿಂಡರಿನ ದನಿ ಕೇಳಿಸಿತು. ಮೆತ್ತಗೆ ಹೊರಟದ್ದು, ನೆರಳಿಗೆ ಬಂದ ಮೇಲೆ ಏರಿದ್ದು, ಎಲ್ಲ ಕಿವಿಗೇ ಗೊತ್ತಾಗುತ್ತಿತ್ತು. ಅಣ್ಣ ಕೊಡೆಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು. ಹಸಿರು ಮೂತಿ ಕಾಣಿಸಿತು. ನೀರಿನ ಅಂಚಿಗೆ ಬಂದಾಗ ಡಾಕ್ಟರಮ್ಮ ಕಾಲು ತೆಗೆದರು, ಸ್ಟೀರಿಂಗ್ ತಿರುಗಿಸಿದರು, ಮೂತಿ ಒಳಕ್ಕೆ ಬಂತು, ಮತ್ತೆ ಒತ್ತಿದರು. ನಾನು ನೋಡುತ್ತಿದ್ದದ್ದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗ ಒಂದು ಗೇಣು ಹೊರಕ್ಕೆ ಸರಿಯಿತು. ಅಲ್ಲೇ ಅದು ನೆಲ ಕಚ್ಚಿ, ಕುಕ್ಕರಿಸಿ, ಕಾರನ್ನು ಮುಂದಕ್ಕೆ ನೂಕಿತು. ನೀರು ಎರಡು ಕಡೆಗೂ ಹಾರಿತು. ಕಾರು ನೆಟ್ಟಗೆ ಮೇಲಕ್ಕೆ ಹೋಗಿ ಮರೆಯಾಯಿತು.

"ಕಚ್ಕೊಂಬುಡ್ತಲ್ಲೋ!" ಎಂದು ಫೋರ್‌ಮನ್ ಕುಣಿದೇಬಿಟ್ಟರು. ಯಜಮಾನರು ತೆಲುಗಿನಲ್ಲಿ ಏನೋ ಕೂಗಿದರು. ಅಣ್ಣ ಕರ್ಚೀಫು ತೆಗೆದು ಮುಖ ಒರೆಸಿಕೊಂಡು, "ನಮ್ಮಪ್ಪ ಹೀಗೇ ಓಡಿಸ್ತಿದ್ರು," ಎಂದರು.

ಡಾಕ್ಟರಮ್ಮ ಗೆಲ್ಲಲಿಲ್ಲ. ಅವರ ಕಾರಿಗಿಂತ ಹೊಸ, ಹಗುರವಾದ ಕಾರುಗಳು ಮುಂದಿದ್ದವು. ಅದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಮೇಲಿನ ಬಯಲಿನಲ್ಲಿ ನಾನು ಟೈರುಗಳ ಮೇಲೆ ಕೈಯಾಡಿಸಿದೆ. ಬೆಚ್ಚಗಿದ್ದವು, ಅಂಚುಗಳು ಒಂದಿಷ್ಟು ಸುರುಟಿದ್ದವು, ಉಬ್ಬು ಎಲ್ಲೂ ಇರಲಿಲ್ಲ. ಅಣ್ಣ ಕಾರು ಮಾರುವ ಮಾತೆತ್ತಲಿಲ್ಲ. ಕಾರಿನ ಸುತ್ತ ಎರಡು ಸುತ್ತು ಬಂದು, "ಮುಂದಿನ ವರ್ಷ ಅರ್ಧ ಪಾಲಿನೋನು ಒಂದ್ಸಲ ಓಡಿಸ್ಬಹುದಾ?" ಎಂದು ತಂಗಿಯನ್ನು ಕೇಳಿದರು.

"ನಿನ್ನ ಬಿ.ಪಿ. ನೋಡಿ ಹೇಳ್ತೀನಿ," ಎಂದರು ಡಾಕ್ಟರಮ್ಮ.

ರಸ್ತೆ ತೆರೆಯುವ ಮುಂಚೆ, ಬೇಕಾದವರು ಇನ್ನೊಂದು ಸಲ ಹತ್ತಬಹುದು ಎಂದು ಕ್ಲಬ್ಬಿನವರು ಹೇಳಿದರು. ಮೋಡ ಮತ್ತೆ ಕವಿದು ಹನಿಯಲು ಶುರುವಾಗಿತ್ತು. ಡಾಕ್ಟರಮ್ಮ ಪಕ್ಕದ ಸೀಟನ್ನು ತಟ್ಟಿ, "ಬಾ, ಕೂತ್ಕೋ," ಎಂದರು. ಇಷ್ಟು ದಿನ ಆ ಟೈರುಗಳ ಜೊತೆ ಬದುಕಿಯೂ ನಾನು ಆ ಕಾರಿನಲ್ಲಿ ಕೂತಿರಲಿಲ್ಲ.

ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೂತೆ. ಸೀಟು ಎಷ್ಟು ತಗ್ಗಿತ್ತೆಂದರೆ ನೆಲವೇ ಹತ್ತಿರ. ಕೆಳಗೆ ಹೋಗಿ ತಿರುಗಿಸಿಕೊಂಡು ಹತ್ತತೊಡಗಿದೆವು. ಮಳೆ ಮುಖಕ್ಕೆ ಹೊಡೆಯುತ್ತಿತ್ತು, ಎಂಜಿನ್ನಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಆ ತಿರುವಿಗೆ ಬಂದಾಗ ನಾನು ಕಣ್ಣು ಮುಚ್ಚಲಿಲ್ಲ. ಕಾರು ಒಂದಿಷ್ಟು ಸರಿಯಿತು. ಮರುಕ್ಷಣ ಹಿಂದಿನಿಂದ ಯಾರೋ ಗಟ್ಟಿಯಾಗಿ ಕೈ ಹಿಡಿದು ಎಳೆದುಕೊಂಡ ಹಾಗೆ ನನ್ನ ಬೆನ್ನು ಸೀಟಿಗೆ ಒತ್ತಿತು. ರಬ್ಬರು ಕಲ್ಲನ್ನು ಹಿಡಿದದ್ದು ನನ್ನ ಬೆನ್ನುಮೂಳೆಗೆ ಗೊತ್ತಾಯಿತು. ನಾನು ಜೋರಾಗಿ ಕೂಗಿದೆ. ಭಯಕ್ಕೆ ಕೂಗಿದಳೆಂದುಕೊಂಡ ಡಾಕ್ಟರಮ್ಮ ಕಾಲು ತೆಗೆದರು.

"ತೆಗೀಬೇಡಿ ಡಾಕ್ಟರಮ್ಮ," ಎಂದೆ. "ಒತ್ತಿ, ಇನ್ನೂ ಒತ್ತಿ!"